ಓದಿದ್ದಾಯ್ತು, ಈಗ ಕಥೆ ಹೇಳು!

(ಬಡಾವಣೆಯ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡಲು ಮುಂದೆ ಬಂದಿರುವ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ಹಗಲೆಲ್ಲ ಆಫೀಸು, ಕಾಲೇಜು, ಫ್ಯಾಕ್ಟರಿ ಅಂತ ದುಡಿದು, ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಅದಾದ ಮೇಲೂ ನಮ್ಮ ಬೀದಿಯ ಹುಡುಗರಿಗೆ ಒಂದು ಗಂಟೆ ಕೊಡುತ್ತೇವೆ ಎಂದು ಇಲ್ಲಿ ಸೇರಿದ್ದೀರಿ. ಇದು ಸಣ್ಣ ಮಾತಲ್ಲ. ನವೆಂಬರ್ ಒಂದನೇ ತಾರೀಖು ಬಾವುಟ ಹಿಡಿದು ಜೈಕಾರ ಹಾಕುವವರು ಬಹಳ ಮಂದಿ ಸಿಗುತ್ತಾರೆ. ನವೆಂಬರ್ ಎರಡರಿಂದ ಮುಂದಿನ ಅಕ್ಟೋಬರ್ ಮೂವತ್ತೊಂದರವರೆಗೆ ಒಂದು ಮಗುವಿನ ಪಕ್ಕ ಕೂರುವವರು ಎಷ್ಟು ಜನ? ನೀವು ಕೂರಲು ಬಂದಿದ್ದೀರಿ. ಆದ್ದರಿಂದ ಹೊಗಳಿಕೆ ಸಾಕು, ಕೆಲಸದ ಮಾತು ಆಡೋಣ. ನಿಮ್ಮ ಆ ಒಂದು ಗಂಟೆಯಲ್ಲಿ ಏನು ಮಾಡಬೇಕು?

ಹೋಂವರ್ಕ್ ಮಾಡಿಸುತ್ತೇವೆ ಅನ್ನುತ್ತೀರಿ. ಮಗ್ಗಿ ಹೇಳಿಸುತ್ತೇವೆ ಅನ್ನುತ್ತೀರಿ. ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಒಂದೇ ಒಂದು ಕೆಲಸಕ್ಕೆ ಎತ್ತಿಡಿ. ಮಗು ಒಂದು ಕಥೆ ಓದಲಿ, ಪುಸ್ತಕ ಮುಚ್ಚಲಿ, ಓದಿದ ಕಥೆಯನ್ನು ತನ್ನ ಮಾತಿನಲ್ಲಿ ಚಿಕ್ಕದು ಮಾಡಿ ನಿಮಗೆ ಹೇಳಲಿ. ಅಷ್ಟೇ! ಕೇಳಲು ಇಷ್ಟು ಸಣ್ಣದಾಗಿರುವ ಈ ಕೆಲಸ ಎಷ್ಟು ದೊಡ್ಡದು ಎಂದು ಹೇಳುವುದಕ್ಕೇ ನಾನು ಇವತ್ತು ನಿಂತಿದ್ದೇನೆ.

ಓದುವುದು ಬೇರೆ, ಉಚ್ಚರಿಸುವುದು ಬೇರೆ

ನಮ್ಮ ಊರಿನಲ್ಲಿ ಒಂದು ಮೋಸ ಬಹಳ ಕಾಲದಿಂದ ನಡೆದುಕೊಂಡು ಬಂದಿದೆ. ಯಾರೂ ಬೇಕೆಂದು ಮಾಡಿದ ಮೋಸವಲ್ಲ, ಆದರೂ ಮೋಸವೇ. ಮಗು ಪುಸ್ತಕ ಹಿಡಿದು ಗಡಗಡನೆ ಓದಿತು ಎಂದರೆ 'ನಮ್ಮ ಹುಡುಗ ಚೆನ್ನಾಗಿ ಓದ್ತಾನೆ' ಎಂದು ಅಪ್ಪ ಅಮ್ಮ ಹಿಗ್ಗುತ್ತಾರೆ. ಅದೂ ಇಂಗ್ಲಿಷ್ ಪುಸ್ತಕವಾದರೆ ಕೇಳುವುದೇ ಬೇಡ, ಬಂದ ನೆಂಟರ ಮುಂದೆಲ್ಲ ಓದಿಸುತ್ತಾರೆ! ಒಂದು ಸಲ ಪುಸ್ತಕ ಮುಚ್ಚಿಸಿ 'ಏನಿತ್ತಪ್ಪ ಅದರಲ್ಲಿ?' ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಕೆಲವರು ಓದಿದ ಕೊನೆಯ ಸಾಲನ್ನು ಒಪ್ಪಿಸುತ್ತಾರೆ. ಇನ್ನು ಕೆಲವರು 'ಇನ್ನೊಂದ್ಸಲ ಓದ್ಲಾ?' ಎನ್ನುತ್ತಾರೆ. ಬಾಯಿ ಓದಿದೆ, ತಲೆ ಓದಿಲ್ಲ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಈ ವಿಷಯವನ್ನು ಒಂದು ಸರಳ ಲೆಕ್ಕದಲ್ಲಿ ಹೇಳಿದರು. ಓದು ಎಂದರೆ ಎರಡು ಶಕ್ತಿಗಳ ಗುಣಾಕಾರ. ಒಂದು, ಅಕ್ಷರ ಕೂಡಿಸಿ ಪದ ಗುರುತಿಸುವ ಶಕ್ತಿ. ಇನ್ನೊಂದು, ಆ ಭಾಷೆಯಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿ. ಗಮನಿಸಿ, ಕೂಡುವುದಲ್ಲ, ಗುಣಿಸುವುದು! ಒಂದು ಕಡೆ ನೂರಿದ್ದು ಇನ್ನೊಂದು ಕಡೆ ಸೊನ್ನೆ ಇದ್ದರೆ ಉತ್ತರ ಸೊನ್ನೆ. ಅಕ್ಷರವೇ ಬಾರದ ಮಗುವಿಗೂ ಸೊನ್ನೆ, ಅಕ್ಷರ ಬಂದು ಅರ್ಥ ಬಾರದ ಮಗುವಿಗೂ ಸೊನ್ನೆ. ಮೊದಲನೆಯ ಮಗುವಿನ ಕಷ್ಟ ಎಲ್ಲರಿಗೂ ಕಾಣುತ್ತದೆ. ಎರಡನೆಯದರ ಕಷ್ಟ ಗಡಗಡ ಓದಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಮೊದಲನೆಯ ಕಷ್ಟವೂ ನಮ್ಮ ದೇಶದಲ್ಲಿ ಕಡಿಮೆ ಇಲ್ಲ. 2005ರಿಂದ ಹಳ್ಳಿಗಳಲ್ಲಿ ನಡೆಯುತ್ತಿರುವ ಅಸರ್ ಸಮೀಕ್ಷೆಯ ಓದಿನ ಪರೀಕ್ಷೆಯಲ್ಲಿ ಕೊನೆಯ ಮೆಟ್ಟಿಲು ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ ಓದುವುದು. 2024ರ ವರದಿಯಲ್ಲೂ ಐದನೇ ತರಗತಿಯ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಆ ಮೆಟ್ಟಿಲು ಹತ್ತಿಲ್ಲ. ಹತ್ತಿದವರ ವಿಷಯ ಏನು? ಕಥೆಯನ್ನು ಓದಿದವರು ಆ ಕಥೆಯನ್ನು ಹೇಳಬಲ್ಲರೇ? ಅದು ಮುಂದಿನ ಮೆಟ್ಟಿಲು. ಅಲ್ಲಿಗೆ ಮಗುವಿನ ಕೈಹಿಡಿದು ಹತ್ತಿಸುವ ಕೆಲಸವೇ ನಿಮ್ಮದು.

ಸಾರಾಂಶಕ್ಕೂ ಗೈಡು!

'ಇದೇನು ಹೊಸದು ಸಾರ್, ಸಾರಾಂಶ ಬರೆಯಿರಿ ಅಂತ ನಮ್ಮ ಕಾಲದಲ್ಲೂ ಪ್ರಶ್ನೆ ಇರುತ್ತಿತ್ತಲ್ಲ' ಎಂದು ನೀವು ಕೇಳಬಹುದು. ಇತ್ತು. ಈಗಲೂ ಇದೆ. ಆದರೆ ಅದಕ್ಕೆ ನಾವು ಬಗೆದ ದ್ರೋಹವನ್ನು ನೋಡಿ. ಪದ್ಯದ ಸಾರಾಂಶ ಗೈಡಿನಲ್ಲಿ ಅಚ್ಚಾಗಿರುತ್ತದೆ. ಮೇಷ್ಟ್ರು ಅದನ್ನೇ ನೋಟ್ಸ್ ಕೊಡುತ್ತಾರೆ. ಹುಡುಗ ಅದನ್ನೇ ಉರು ಹೊಡೆಯುತ್ತಾನೆ. ಪರೀಕ್ಷೆಯಲ್ಲಿ ಕಾರಿಕೊಂಡು ಬರುತ್ತಾನೆ. ಪದ್ಯ ಓದದೆಯೇ ಪದ್ಯದ ಸಾರಾಂಶಕ್ಕೆ ಪೂರ್ತಿ ಅಂಕ! ಯಾರೋ ಉಂಡರೆ ನಮ್ಮ ಹೊಟ್ಟೆ ತುಂಬುತ್ತದೆಯೇ? ಯಾರೋ ಬರೆದ ಸಾರಾಂಶದಿಂದ ನಮ್ಮ ಮಗುವಿನ ತಲೆ ತುಂಬುತ್ತದೆಯೇ?

ಸಾರ ತೆಗೆಯುವುದು ಎಂದರೆ ಒಂದು ಕೆಲಸ, ಒಂದು ದುಡಿಮೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮಗು ತಾನೇ ತೂಗಿ ನೋಡಬೇಕು. ಯಾವುದರಿಂದ ಯಾವುದಾಯಿತು ಎಂದು ಕೊಂಡಿ ಹಾಕಬೇಕು. ಆಮೇಲೆ ತನ್ನ ಮಾತು ಹುಡುಕಬೇಕು. ಅರ್ಥವಾಗದೆ ಈ ಮೂರರಲ್ಲಿ ಒಂದನ್ನೂ ಮಾಡಲಾಗುವುದಿಲ್ಲ. ಅರ್ಥವಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಸಿಕ್ಕಿಬಿದ್ದ ಕೂಡಲೇ 'ತಾಳು, ಇನ್ನೊಮ್ಮೆ ನೋಡ್ತೀನಿ' ಎಂದು ಪುಸ್ತಕ ತೆರೆಯುತ್ತದೆ. ಈ ಸಲ ತೆರೆಯುವ ಮಗು ಬೇರೆಯೇ ಮಗು. ಅದು ಏನನ್ನೋ ಹುಡುಕಿಕೊಂಡು ಹೋಗುತ್ತಿದೆ. ನಿಜವಾದ ಓದು ಅಲ್ಲಿಂದ ಶುರು.

ಇದು ಬರೀ ನನ್ನ ಮಾತಲ್ಲ

ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬುವರು 2006ರಲ್ಲಿ ಕಾಲೇಜು ಹುಡುಗರ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗುಮುರುಗಾಯಿತು, ಮುಚ್ಚಿಟ್ಟು ನೆನೆಸಿಕೊಂಡವರು ಮುಂದೆ ಹೋದರು. ನಾಳೆ ಬೆಳಿಗ್ಗೆ ಟೆಸ್ಟು ಎಂದು ರಾತ್ರಿಯೆಲ್ಲ ಓದಿದ ನಮ್ಮ ಹುಡುಗರಿಗೆ ಮುಂದಿನ ವಾರ ಏನೂ ಉಳಿಯದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇನ್ನೊಂದು ಪ್ರಯೋಗ ನಿಮಗಾಗಿಯೇ ಮಾಡಿದ ಹಾಗಿದೆ. ಆನ್ ಮೇರಿ ಪಾಲಿನ್ಸರ್ ಮತ್ತು ಆನ್ ಬ್ರೌನ್ ಎಂಬ ಇಬ್ಬರು ಹೆಂಗಸರು 1984ರಲ್ಲಿ ಪ್ರಕಟಿಸಿದ್ದು. ಏಳನೇ ತರಗತಿಯ ಮಕ್ಕಳು. ಪದಗಳನ್ನು ಓದಬಲ್ಲರು, ಅರ್ಥ ಹೇಳಲಾರರು. ಅಂದರೆ ನಾನು ಆಗಲೇ ಹೇಳಿದ ಎರಡನೆಯ ಬಗೆಯವರು. ಅವರನ್ನು ಸಣ್ಣ ಸಣ್ಣ ಗುಂಪಾಗಿ ಕೂರಿಸಿ ನಾಲ್ಕು ಕೆಲಸ ಕಲಿಸಿದರು. ಓದಿದ ಭಾಗದ ಸಾರ ಹೇಳುವುದು, ಅದರ ಮೇಲೆ ತಾವೇ ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಮುಂದೇನಾಗಬಹುದು ಎಂದು ಊಹಿಸುವುದು. ಮೊದಲು ಟೀಚರ್ ಮಾಡಿ ತೋರಿಸಿದರು, ಆಮೇಲೆ ಮಕ್ಕಳು ಸರದಿಯ ಮೇಲೆ ತಾವೇ ಟೀಚರ್ ಆದರು. ದಿನಕ್ಕೆ ಅರ್ಧ ಗಂಟೆ, ಸುಮಾರು ಇಪ್ಪತ್ತು ದಿನ. ಆ ಮಕ್ಕಳ ಅರ್ಥಗ್ರಹಣ ಎದ್ದು ಕಾಣುವಷ್ಟು ಸುಧಾರಿಸಿತು. ಇಪ್ಪತ್ತು ದಿನ, ಅರ್ಧ ಗಂಟೆ! ಇದಕ್ಕೆ ಸ್ಮಾರ್ಟ್ ಬೋರ್ಡು ಬೇಕೇ? ಲಕ್ಷ ರೂಪಾಯಿ ಡೊನೇಷನ್ ಬೇಕೇ? ಒಂದು ಚಾಪೆ, ಒಂದು ಪುಸ್ತಕ, ನಿಮ್ಮಂಥ ಒಬ್ಬ ಅಣ್ಣನೋ ಅಕ್ಕನೋ ಸಾಕು.

ಪುಣ್ಯಕೋಟಿಯನ್ನೇ ತೆಗೆದುಕೊಳ್ಳಿ

ಈಗ ಮಾಡುವುದು ಹೇಗೆ? ನಮಗೆಲ್ಲ ಗೊತ್ತಿರುವ ಗೋವಿನ ಹಾಡಿನ ಕಥೆಯನ್ನೇ ಇಟ್ಟುಕೊಳ್ಳೋಣ. ಮಗುವಿಗೆ ಓದಲು ಕೊಟ್ಟು, 'ಚಿಕ್ಕದಾಗಿ ಹೇಳು ಪುಟ್ಟ' ಎಂದಿರಿ. ಮೂರು ಬಗೆಯ ಉತ್ತರ ಬರುವುದು ಖಂಡಿತ.

ಮೊದಲನೆಯ ಮಗು ಎಲ್ಲವನ್ನೂ ಹೇಳುತ್ತದೆ. ಬೆಳಿಗ್ಗೆ ಗೊಲ್ಲ ಎದ್ದ, ಕೊಳಲು ಊದಿದ, ಆಮೇಲೆ ಹಸು ಕರೆದ, ಆಮೇಲೆ, ಆಮೇಲೆ, ಆಮೇಲೆ... ಹುಲಿ ಬರುವ ಹೊತ್ತಿಗೆ ಕೇಳುವ ನಿಮಗೆ ಆಕಳಿಕೆ.

ಎರಡನೆಯ ಮಗು ಒಂದೇ ಸಾಲಿನಲ್ಲಿ ಮುಗಿಸುತ್ತದೆ. 'ಒಂದು ಹಸು ಇತ್ತು, ಹುಲಿ ಇತ್ತು, ಹುಲಿ ಸತ್ತೋಯ್ತು.' ಹುಲಿ ಯಾಕೆ ಸತ್ತಿತು? ಯಾರಾದರೂ ಬೇಟೆಯಾಡಿದರೋ? ಗೊತ್ತಿಲ್ಲ!

ಮೂರನೆಯ ಮಗು ಬಹಳ ಜಾಣ. 'ಸತ್ಯವೇ ಗೆಲ್ಲುತ್ತದೆ ಎಂಬುದು ಈ ಕಥೆಯ ನೀತಿ' ಎಂದು ಕೈಕಟ್ಟಿ ಒಪ್ಪಿಸುತ್ತದೆ. ಈ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ನಾವು ಇಂಥದ್ದಕ್ಕೆ ಭೇಷ್ ಅಂದುಬಿಡುತ್ತೇವೆ. ಆದರೆ ನೀತಿ ಸಾರಾಂಶವಲ್ಲ. ಸತ್ಯವೇ ಗೆಲ್ಲುತ್ತದೆ ಎಂಬ ಮಾತನ್ನು ಹರಿಶ್ಚಂದ್ರನ ಕಥೆಗೂ ಅಂಟಿಸಬಹುದು, ಇನ್ನೂ ಹತ್ತು ಕಥೆಗೂ ಅಂಟಿಸಬಹುದು. ಅದನ್ನು ಹೇಳಲು ಈ ಕಥೆಯನ್ನು ಓದಬೇಕಾಗಿಯೇ ಇಲ್ಲ.

ಮೂರು ಮಕ್ಕಳಿಗೂ ಬೇಕಾದ ವಿದ್ಯೆ ಒಂದೇ. ಅದನ್ನು ನಮ್ಮ ಅಜ್ಜಿಯರ ಮೊರದಿಂದ ಕಲಿಯೋಣ.

ಕೇರು, ಕಟ್ಟು, ಕೈಯಾರೆ ಮಾಡು

ವಾಲ್ಟರ್ ಕಿಂಚ್ ಮತ್ತು ವಾನ್ ಡೈಕ್ ಎಂಬ ವಿದ್ವಾಂಸರು 1978ರಲ್ಲಿ, ಓದುಗನ ತಲೆಯಲ್ಲಿ ಸಾರ ಹುಟ್ಟುವುದು ಮೂರು ಬಗೆಯಲ್ಲಿ ಎಂದು ತೋರಿಸಿದರು. ಅವರ ಪಂಡಿತ ಭಾಷೆ ಬಿಟ್ಟು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಒಂದು, ಕೇರುವುದು. ಮೊರದಲ್ಲಿ ಹಾಕಿ ಕೇರಿದರೆ ಹೊಟ್ಟು ಹಾರುತ್ತದೆ, ಕಾಳು ನಿಲ್ಲುತ್ತದೆ. ಮಗುವಿಗೆ ಒಂದೇ ಪ್ರಶ್ನೆ ಕೇಳಿ: 'ಈ ಮಾತು ತೆಗೆದುಹಾಕಿದರೆ ಕಥೆ ನಿಲ್ಲುತ್ತಾ, ಬೀಳುತ್ತಾ?' ಗೊಲ್ಲ ಕೊಳಲು ಊದದಿದ್ದರೂ ಕಥೆ ನಿಲ್ಲುತ್ತದೆ. ಪುಣ್ಯಕೋಟಿ ವಾಪಸು ಬರುತ್ತೇನೆಂದು ಮಾತು ಕೊಡದಿದ್ದರೆ? ಕಥೆಯೇ ಬಿದ್ದುಹೋಯಿತು! ಅದು ಕಾಳು. ಹೊಟ್ಟು ಅಂದ ಮಾತ್ರಕ್ಕೆ ಕೊಳಲು ಕೆಟ್ಟದ್ದು ಎಂದು ಮಗು ತಿಳಿಯದಿರಲಿ. ಹಾಡುವಾಗ ಕೊಳಲು ಬೇಕು, ಸಾರ ಹೇಳುವಾಗ ಬೇಡ.

ಎರಡು, ಕಟ್ಟುವುದು. ಹತ್ತು ಬಿಡಿ ಕಡ್ಡಿಗಳನ್ನು ಒಂದು ಕಟ್ಟು ಮಾಡುವ ಹಾಗೆ ಹತ್ತು ಬಿಡಿ ಸಂಗತಿಗಳಿಗೆ ಒಂದು ಮಾತು. ಗೊಲ್ಲ ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುತ್ತಾನೆ. ಮಗು ಆ ಹೆಸರುಗಳನ್ನೆಲ್ಲ ಬಿಟ್ಟು 'ಹಸುಗಳನ್ನು ಕರೆದ' ಎಂದರೆ ಸಾಕು.

ಮೂರು, ಪುಸ್ತಕದಲ್ಲಿ ನೇರವಾಗಿ ಇಲ್ಲದ ವಾಕ್ಯವನ್ನು ಕೈಯಾರೆ ಮಾಡುವುದು. ಹಸು ದೊಡ್ಡಿಗೆ ಬಂದಿತು, ಕರುವಿಗೆ ಹಾಲೂಡಿಸಿತು, ಬುದ್ಧಿ ಹೇಳಿತು, ಜೊತೆಯ ಹಸುಗಳ ಮಡಿಲಿಗೆ ಹಾಕಿತು. ಇದನ್ನೆಲ್ಲ ಸೇರಿಸಿ 'ಸಾಯಲು ತಯಾರಾಗಿ ಕರುವಿನ ಬದುಕಿಗೆ ದಾರಿ ಮಾಡಿತು' ಎಂದು ಮಗು ಹೇಳಿದರೆ, ಎದ್ದು ನಿಂತು ಬೆನ್ನು ತಟ್ಟಿ. ಇದು ಎಲ್ಲಕ್ಕಿಂತ ಕಷ್ಟದ್ದು. ಆನ್ ಬ್ರೌನ್ ಮತ್ತು ಜೀನ್ ಡೇ 1983ರಲ್ಲಿ ಕಂಡುಕೊಂಡ ಪ್ರಕಾರ ಐದನೇ ತರಗತಿಯ ಮಕ್ಕಳೂ ಬೇಡವಾದ್ದನ್ನು ತೆಗೆಯಬಲ್ಲರು, ಆದರೆ ಉಳಿದದ್ದನ್ನು ಪುಸ್ತಕದಲ್ಲಿದ್ದ ಹಾಗೇ ನಕಲು ಮಾಡುತ್ತಾರೆ. ತಮ್ಮದೇ ವಾಕ್ಯ ಮಾಡುವುದು ಕಾಲೇಜಿನವರಿಗೂ ತಿಣುಕಾಟ. ಹಾಗಾಗಿ ಎರಡು ವಾರದಲ್ಲಿ ಬರಲಿಲ್ಲ ಎಂದು ಕೈಚೆಲ್ಲಬೇಡಿ.

ಐದು ಬೆರಳು, ಐದು ಪ್ರಶ್ನೆ

ಚಿಕ್ಕವರಿಗೆ ಇದು ಭಾರವಾದರೆ ಕೈಯ ಐದು ಬೆರಳು ಮುಂದೆ ಹಿಡಿಯಲು ಹೇಳಿ. ಹೆಬ್ಬೆರಳು: ಯಾರು? ತೋರುಬೆರಳು: ಅವರಿಗೆ ಏನು ಬೇಕಿತ್ತು? ನಡುಬೆರಳು: ಏನು ಅಡ್ಡ ಬಂತು? ಉಂಗುರದ ಬೆರಳು: ಅದಕ್ಕೆ ಏನು ಮಾಡಿದರು? ಕಿರುಬೆರಳು: ಕೊನೆಗೆ ಏನಾಯ್ತು? ಅಮೆರಿಕದ ಶಾಲೆಗಳಲ್ಲೂ 'ಯಾರೋ, ಬಯಸಿದರು, ಆದರೆ, ಆದ್ದರಿಂದ, ಆಮೇಲೆ' ಎಂಬ ಇಂಥದೇ ಐದು ಮಾತಿನ ಸರಪಳಿ ಬಳಕೆಯಲ್ಲಿದೆ.

ಬೆರಳು ಮಡಚುತ್ತಾ ಮಗು ಹೇಳಿದರೆ ಹೀಗೆ ಬರುತ್ತದೆ: 'ಪುಣ್ಯಕೋಟಿ ಅನ್ನೋ ಹಸು. ಕರುಗೆ ಹಾಲು ಕುಡಿಸೋಕೆ ಮನೆಗೆ ಹೋಗ್ಬೇಕಿತ್ತು. ಆದ್ರೆ ದಾರೀಲಿ ಹುಲಿ ತಿನ್ನೋಕೆ ಬಂತು. ಹಾಲು ಕೊಟ್ಟು ವಾಪಸ್ ಬರ್ತೀನಿ ಅಂತ ಮಾತು ಕೊಟ್ಟು ಹೋಗಿ, ಹಾಗೇ ಬಂದ್ಬಿಡ್ತು. ಅದ್ರ ಸತ್ಯ ನೋಡಿ ಹುಲಿಗೆ ಮನಸ್ಸು ಕರಗಿ, ಇಂಥಾ ಹಸೂನ ತಿನ್ನಬಾರದು ಅಂತ ತಾನೇ ಪ್ರಾಣ ಬಿಡ್ತು.'

ನೋಡಿ, ಇಡೀ ಕಥೆ ಅಂಗೈಯಲ್ಲಿ ಬಂದು ಕೂತಿತು! ಆಮೇಲೆ ಒಂದು ತುಂಟತನ ಮಾಡಿ. 'ಈಗ ಹೆಬ್ಬೆರಳಿಗೆ ಹುಲಿ ಇಟ್ಕೋ' ಎನ್ನಿ. ಹುಲಿಗೆ ಏನು ಬೇಕಿತ್ತು? ಹಸಿವು ತೀರಬೇಕಿತ್ತು. ಅದಕ್ಕೆ ಏನು ಅಡ್ಡ ಬಂತು? ಅಲ್ಲಿ ಮಗು ನಿಂತು ಯೋಚನೆ ಮಾಡುತ್ತದೆ. ಹಸು ತಾನಾಗಿ ಬಂದು ಮುಂದೆ ನಿಂತಿದೆ, ಅಡ್ಡಿ ಎಲ್ಲಿದೆ? ಅಡ್ಡಿ ಹುಲಿಯ ಮನಸ್ಸಿನೊಳಗೇ ಇದೆ! ಇಷ್ಟು ಹೊಳೆದ ಮಗುವಿಗೆ ಯಾವ ಗೈಡು ಬೇಕು ಹೇಳಿ?

ಇಂಗ್ಲಿಷ್ ಪಾಠಕ್ಕೆ ಕನ್ನಡದ ಬಾಯಿ

ಈಗ ನಮ್ಮ ಪತ್ರಿಕೆ ಓದುವವರೆಲ್ಲ ಕಾಯುತ್ತಿರುವ ಮಾತಿಗೆ ಬರುತ್ತೇನೆ. ನಿಮ್ಮ ಬಳಿ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಇಂಗ್ಲಿಷ್ ಮಾಧ್ಯಮದವರು. ಬೆಂಗಳೂರಿನಲ್ಲಿ ಇದು ಇದ್ದದ್ದೇ. ಆ ಮಗುವನ್ನು ಕೂರಿಸಿ ನೀರಿನ ಪಾಠದ ಬಗ್ಗೆ ಕೇಳಿ. 'ಇವಾಪರೇಶನ್ ಈಸ್ ದ ಪ್ರೋಸೆಸ್ ಬೈ ವಿಚ್...' ಎಂದು ರೈಲು ಬಿಡುತ್ತದೆ. 'ಅಂದ್ರೆ ಏನಮ್ಮ?' ಎನ್ನಿ. ರೈಲು ನಿಂತುಹೋಗುತ್ತದೆ.

ಬೈಯಬೇಡಿ. ಅದರ ಶಾಲೆಯನ್ನೂ ಬೈಯಬೇಡಿ, ಅದರ ಮುಂದಂತೂ ಬೇಡ. 'ನಿಮ್ಮಮ್ಮ ಬಟ್ಟೆ ಒಗೆದು ಒಣಗಹಾಕ್ತಾರಲ್ಲ, ಅದರಲ್ಲಿದ್ದ ನೀರು ಸಾಯಂಕಾಲದ ಹೊತ್ತಿಗೆ ಎಲ್ಲಿಗೆ ಹೋಯ್ತು? ಕನ್ನಡದಲ್ಲೇ ಹೇಳು' ಎಂದು ಕೇಳಿ. 'ಬಿಸಿಲಿಗೆ ಆವಿ ಆಗಿ ಮೇಲಕ್ಕೆ ಹೋಯ್ತು ಅಕ್ಕ.' 'ಆಮೇಲೆ?' 'ಮೇಲೆ ತಣ್ಣಗಾಗಿ ಮೋಡ ಆಗುತ್ತೆ... ಆಮೇಲೆ ಮಳೆ... ಓ! ಪಾಠದಲ್ಲಿ ಇರೋದು ಇದೇನಾ?' ಆ 'ಓ' ಇದೆಯಲ್ಲ, ಗೆಳೆಯರೆ, ಆ ಒಂದು ಅಕ್ಷರಕ್ಕಾಗಿ ನೀವು ದಿನಾ ಸಂಜೆ ಇಲ್ಲಿ ಕೂರುತ್ತೀರಿ.

ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳಿಸಿದರೆ ನಕಲಿಗೆ ದಾರಿಯೇ ಮುಚ್ಚುತ್ತದೆ. ಪುಸ್ತಕದ ಸಾಲನ್ನು ಒಪ್ಪಿಸೋಣವೆಂದರೆ ಆ ಸಾಲು ಕನ್ನಡದಲ್ಲಿಲ್ಲ! ಅರ್ಥ ಮಾಡಿಕೊಳ್ಳದೆ ವಿಧಿಯಿಲ್ಲ. 'ಕನ್ನಡದಲ್ಲಿ ಹೇಳಿಸಿದರೆ ಇಂಗ್ಲಿಷ್ ಹಿಂದೆ ಬೀಳುತ್ತೆ' ಎಂದು ಹೆದರುವ ತಾಯ್ತಂದೆಯರಿಗೆ ಧೈರ್ಯ ಹೇಳಿ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸ 1979ರಿಂದಲೂ ಇದನ್ನು ವಾದಿಸುತ್ತಾ ಬಂದಿದ್ದಾರೆ: ಎರಡು ಭಾಷೆಗಳು ಮೇಲ್ನೋಟಕ್ಕೆ ಬೇರೆ ಕಂಡರೂ ಆಳದಲ್ಲಿ ಒಂದೇ ಬೇರಿನಿಂದ ನೀರು ಕುಡಿಯುತ್ತವೆ. ಒಂದು ಭಾಷೆಯಲ್ಲಿ ಸಾರ ಹಿಡಿಯಲು ಕಲಿತ ಮಗು ಆ ವಿದ್ಯೆಯನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ. ಮೊದಲು ಕನ್ನಡದಲ್ಲಿ ಹೇಳಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಕಲಿಯಲಿ. ಆಗ ಆ ಇಂಗ್ಲಿಷೂ ಅದರ ಸ್ವಂತದ್ದಾಗುತ್ತದೆ.

ಇಲ್ಲಿ ಇನ್ನೊಂದು ಮಾತು, ಮನಸ್ಸಿಟ್ಟು ಕೇಳಿ. ನಿಮ್ಮ ಚಾಪೆಯ ಮೇಲೆ ಕೂರುವ ಮಕ್ಕಳಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು, ತುಳು, ಕೊಂಕಣಿ ಆಡುವವರೂ ಇರುತ್ತಾರೆ. ಮಾತು ಸಿಗದೆ ತಡವರಿಸುವ ಮಗು ಮೊದಲು ತನ್ನ ಮನೆಮಾತಿನಲ್ಲೇ ಹೇಳಲಿ. ಪಕ್ಕದ ಹುಡುಗಿ ಅದನ್ನು ಕನ್ನಡಕ್ಕೆ ತಿರುಗಿಸಲಿ. ಆಮೇಲೆ ಅದೇ ಮಗು ಕನ್ನಡದಲ್ಲಿ ಹೇಳಲಿ. ಮೂರು ಸಲ ಹೇಳಿದ ಕಥೆ ಮೂರು ಪಟ್ಟು ಗಟ್ಟಿ. ಹೀಗೆ ಕನ್ನಡಕ್ಕೆ ಬಂದ ಮಗು ಕನ್ನಡವನ್ನು ಬಿಟ್ಟು ಹೋಗುವುದಿಲ್ಲ. ಗದರಿಸಿ ತಂದದ್ದು ಮಾತ್ರ ಓಡಿಹೋಗುತ್ತದೆ.

ಮಾಡಬೇಕಾದ್ದು, ಮಾಡಬಾರದ್ದು

ಮೊದಲ ವಾರ ನೀವೇ ಮಾಡಿ ತೋರಿಸಿ. ಸುಮ್ಮನೆ ಸಾರ ಹೇಳಿಬಿಡಬೇಡಿ. 'ಇದನ್ನ ಬಿಡ್ತೀನಿ, ಯಾಕಂದ್ರೆ ಇದಿಲ್ಲದಿದ್ರೂ ಕಥೆ ನಡೆಯುತ್ತೆ. ಇದನ್ನ ಇಟ್ಕೋತೀನಿ' ಎಂದು ನಿಮ್ಮ ತಲೆಯೊಳಗೆ ನಡೆಯುವುದನ್ನು ಬಾಯಿಬಿಟ್ಟು ಹೇಳಿ. ಎರಡನೆಯ ವಾರ ಮಕ್ಕಳ ಜೊತೆ ಸೇರಿ ಮಾಡಿ. ಮೂರನೆಯ ವಾರದಿಂದ ಮಗು ಹೇಳಲಿ, ನೀವು ಕೇಳಿ. ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು 'ಹೂಂ' ಗುಟ್ಟಬೇಕಿತ್ತು, ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಈಗ ಸ್ಥಾನ ಅದಲುಬದಲು. ಕಥೆ ಮಗುವಿನದು, ಹೂಂ ನಿಮ್ಮದು. ಮೊಬೈಲು ಜೇಬಿನಲ್ಲಿರಲಿ!

ಅಕ್ಷರ ಇನ್ನೂ ಸರಿಯಾಗಿ ಬಾರದ ಮಗುವನ್ನು ಹೊರಗಿಡಬೇಡಿ. ಅದಕ್ಕೆ ಅಕ್ಷರ ಕಲಿಸುವ ಕೆಲಸ ಬೇರೆ ನಡೆಯಲಿ. ಅಲ್ಲಿಯವರೆಗೆ ಕಥೆಯನ್ನು ನೀವು ಓದಿ ಹೇಳಿ, ಸಾರವನ್ನು ಅದು ಹೇಳಲಿ. ಎಂಟು ವರ್ಷದವರೆಗೆ ಬಾಯಿಮಾತೇ ಸಾಕು. ಹತ್ತು ದಾಟಿದವರು ನಾಲ್ಕು ಸಾಲು ಬರೆಯಲಿ.

ಮಗು ಹೇಳುವಾಗ ನಡುವೆ ಬಾಯಿ ಹಾಕಿ ಅದರ ಕನ್ನಡವನ್ನು ತಿದ್ದಬೇಡಿ. 'ಹಾಲು' ಅನ್ನುವುದಕ್ಕೆ 'ಆಲು' ಅಂದರೆ ಆಕಾಶ ಕಳಚಿ ಬೀಳುವುದಿಲ್ಲ. ಮಂಡ್ಯದ ಕನ್ನಡವೋ, ಕಲಬುರಗಿಯ ಕನ್ನಡವೋ, ಅದರ ಕನ್ನಡದಲ್ಲೇ ಬರಲಿ. ಕಥೆ ತಪ್ಪಿದರೆ 'ತಪ್ಪು' ಎನ್ನಬೇಡಿ. 'ಹುಲಿ ಯಾಕೆ ಹಸೂನ ಬಿಟ್ಟು ಕಳಿಸ್ತು? ನೋಡಿ ಹೇಳು' ಎಂದು ಪುಸ್ತಕಕ್ಕೆ ವಾಪಸು ಕಳಿಸಿ. ಇಬ್ಬರು ಮಕ್ಕಳು ಬೇರೆ ಬೇರೆ ಸಾರ ಹೇಳಿದರೆ ಹಬ್ಬ ಎಂದು ತಿಳಿಯಿರಿ. 'ನೀನು ಯಾಕೆ ಕರುವನ್ನ ಬಿಟ್ಟೆ? ನೀನು ಯಾಕೆ ಇಟ್ಟುಕೊಂಡೆ?' ಎಂದು ಅವರನ್ನೇ ವಾದಕ್ಕೆ ಬಿಡಿ. ಅಂಕ ಕೊಡಬೇಡಿ. ಅಂಕ ಬಂದ ದಿನ ಗೈಡೂ ಬರುತ್ತದೆ.

ಪುಸ್ತಕ ಎಲ್ಲಿಂದ ತರುವುದು? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಅಂದರೆ ನಿಮ್ಮ ಬಡಾವಣೆಯ ಲೈಬ್ರರಿ ಯಾರ ದಾನವೂ ಅಲ್ಲ, ನಿಮ್ಮದೇ ದುಡ್ಡು. ಹೋಗಿ, ಮಕ್ಕಳ ಪುಸ್ತಕ ಕೇಳಿ, ಇಲ್ಲದಿದ್ದರೆ ತರಿಸಿ ಎಂದು ಅರ್ಜಿ ಕೊಡಿ. ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕ ಹಾಗೆ ವಿಂಗಡಿಸಿಯೂ ಇಟ್ಟಿದ್ದಾರೆ. ಪಂಚತಂತ್ರ ಇದ್ದೇ ಇದೆ. ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಗುತ್ತಾ ಬಂತು. ಮಂಗ ಮೊಸಳೆಯ ಕಥೆ ಐದು ಬೆರಳಿಗೆ ಹೇಳಿ ಮಾಡಿಸಿದ ಹಾಗಿದೆ, ನಾಳೆಯೇ ಪರೀಕ್ಷೆ ಮಾಡಿ ನೋಡಿ.

ಇದರಿಂದ ಯಾರಿಗೇನು?

ಕೊನೆಯದಾಗಿ ಒಂದು ಮಾತು. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ನಮ್ಮ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಳು. ಉಸಿರುಗಟ್ಟಿದ ಕಥೆ ಅವಳು ಮಲಗಿದ್ದಾಗ ಹೊರಗೆ ಬಿದ್ದು ಬಾಗಿಲಲ್ಲಿ ಚಪ್ಪಲಿಯಾಗಿ ಕೂತಿತು, ಹಾಡು ಗೂಟದಲ್ಲಿ ಅಂಗಿಯಾಗಿ ನೇತಾಡಿತು. ಗಂಡನಿಗೆ ಅನುಮಾನ ಬಂದು ಮನೆಯಲ್ಲಿ ರಂಪ! ಗಿರೀಶ ಕಾರ್ನಾಡರ 'ನಾಗಮಂಡಲ'ದ ಆರಂಭವೂ ಇಲ್ಲಿಂದಲೇ ಬಂದದ್ದು. ಒಳಗೆ ಹೋದ ಕಥೆ ಹೊರಗೆ ಬರಲೇಬೇಕು, ಇಲ್ಲದಿದ್ದರೆ ಮನೆಗೆ ಕೇಡು ಎಂದು ನಮ್ಮ ಹಿರಿಯರು ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ತಿಳಿದಿದ್ದರು.

ಇವತ್ತು ಆ ಕೇಡು ಬೇರೆ ವೇಷದಲ್ಲಿ ಬರುತ್ತದೆ. ಓದಿದ್ದರ ಸಾರ ಹಿಡಿಯಲು ಬಾರದ ಮಗು ನಾಳೆ ದೊಡ್ಡವನಾಗುತ್ತಾನೆ. ಸಾಲದ ಪತ್ರಕ್ಕೆ ಎಂಟು ಪುಟ ತಿರುವಿ, ಏನು ಬರೆದಿದೆ ತಿಳಿಯದೆ ಸಹಿ ಹಾಕುತ್ತಾನೆ. ಬಾಡಿಗೆ ಕರಾರು, ಕೆಲಸದ ಷರತ್ತು, ಕೋರ್ಟಿನ ನೋಟಿಸು, ಎಲ್ಲಕ್ಕೂ 'ಇದರಲ್ಲಿ ಏನಿದೆ ಸ್ವಲ್ಪ ಹೇಳ್ತೀರಾ ಸಾರ್?' ಎಂದು ಇನ್ನೊಬ್ಬರ ಮುಂದೆ ನಿಲ್ಲುತ್ತಾನೆ. ಆ ಇನ್ನೊಬ್ಬ ಹೇಳಿದ್ದೇ ವೇದ. ವಾಟ್ಸಪ್ಪಿನಲ್ಲಿ ಬಂದ ಯಾವುದೋ ಸುಳ್ಳು ಬರಹವನ್ನು ಪೂರ್ತಿ ಓದದೆ ನೂರು ಜನಕ್ಕೆ ಕಳಿಸುತ್ತಾನೆ. ಅಕ್ಷರ ಬಲ್ಲ ಕುರುಡ! ತನ್ನ ಹಕ್ಕೇನು ಎಂದು ಓದಿ ತಿಳಿಯಲಾರದವನು ಯಾವ ಹಕ್ಕಿಗೆ ಹೋರಾಡಿಯಾನು?

ಈಗ ಒಂದಿಷ್ಟು ಯಂತ್ರಗಳೂ ಬಂದಿವೆ. ಎಷ್ಟು ದೊಡ್ಡ ಬರಹ ಹಾಕಿದರೂ ಕ್ಷಣದಲ್ಲಿ ಸಾರಾಂಶ ಮಾಡಿಕೊಡುತ್ತವೆ. ಇನ್ನೇಕೆ ಮಕ್ಕಳಿಗೆ ಕಷ್ಟ ಎಂದು ಕೇಳುವವರಿದ್ದಾರೆ. ಅದು ಕೊಟ್ಟ ಸಾರ ಸರಿಯೋ ತಪ್ಪೋ ಎಂದು ನೋಡಲು ತೂಗುವ ತಲೆ ಬೇಡವೇ? ಗೈಡಿನ ಕಾಲದ ಪ್ರಶ್ನೆಯೇ ಇದು. ಊಟ ಯಾರದು, ಹೊಟ್ಟೆ ಯಾರದು?

ಕನ್ನಡ ಉಳಿಯಬೇಕು ಎಂದು ನಾವೆಲ್ಲ ಹೇಳುತ್ತೇವೆ. ಬೋರ್ಡುಗಳ ಮೇಲೆ ಉಳಿಯಬೇಕು, ನಿಜ. ಆದರೆ ಒಂದು ಮಗು ಏನನ್ನೋ ಓದಿ, ಒಂದು ಗಳಿಗೆ ಕಣ್ಣು ಮುಚ್ಚಿ, ತನ್ನೊಳಗೆ ಅದನ್ನು ಜೋಡಿಸಿಕೊಳ್ಳುತ್ತದಲ್ಲ, ಆ ಗಳಿಗೆಯಲ್ಲಿ ಅದರ ತಲೆಯೊಳಗೆ ಓಡುವ ಭಾಷೆ ಯಾವುದು? ಅಲ್ಲಿ ಕನ್ನಡ ಇದ್ದರೆ ಅದನ್ನು ಯಾರೂ ಅಳಿಸಲಾರರು.

ಆದ್ದರಿಂದ ಗೆಳೆಯರೆ, ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ಬರುವ ಸೋಮವಾರದಿಂದ ಶುರು ಮಾಡಿ. ಒಬ್ಬೊಬ್ಬರು ಐದೈದು ಮಕ್ಕಳು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ನಾಲ್ಕು ವಾರ. ಪ್ರತಿ ಮಗುವಿಗೂ ಒಂದು ನಲವತ್ತು ಪುಟದ ನೋಟ್‌ಪುಸ್ತಕ ಇಡಿ. ಮೊದಲ ದಿನ ಮಗು ಹೇಳಿದ ಸಾರವನ್ನು ಹೇಳಿದ ಹಾಗೇ ಬರೆದಿಡಿ, ಇಪ್ಪತ್ತನೆಯ ದಿನ ಹೇಳಿದ್ದನ್ನೂ ಬರೆದಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅದರ ಅಪ್ಪ ಅಮ್ಮನಿಗೆ ಓದಿ ಹೇಳಿ. ಬೇರೆ ಯಾವ ಸರ್ಟಿಫಿಕೇಟೂ ಬೇಡ.

ಇನ್ನು ನೀವು ಪುಸ್ತಕ ಎತ್ತಿಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!